ಕತ್ತಲಲ್ಲಿ ‘ನಿಲ್ಲು’ ಎಂದ ದನಿ

ದೀಪ ಹತ್ತಿದಾಗ ವೇದಿಕೆಯ ಮೇಲೆ ಗಾಯಕಿ ಇರಲಿಲ್ಲ.

ಬೆಳಕು ಮಾತ್ರ ಬೀಳಬೇಕಾದ ಜಾಗಕ್ಕೇ ಬಿದ್ದಿತ್ತು. ವೇದಿಕೆಯಿಂದ ಜನರ ನಡುವಿನವರೆಗೆ ನಾಲಿಗೆಯಂತೆ ಚಾಚಿಕೊಂಡ ಹಲಗೆಯ ಹಾದಿ. ಅದರ ತುದಿಯಲ್ಲಿ ದುಂಡನೆಯ ಬಿಳಿ ಬೆಳಕು. ಆ ಬೆಳಕಿನಲ್ಲಿ ಕೈಯೆತ್ತಿ ನಿಂತಿರಬೇಕಾದವಳೇ ಇಲ್ಲ. ಬರೀ ಹೊಗೆ ಸುಳಿದಾಡುತ್ತಿತ್ತು. ಇದೂ ಒಂದು ಆಟವಿರಬೇಕೆಂದು ಜನ ಶಿಳ್ಳೆ ಹೊಡೆದರು. ಅಷ್ಟರಲ್ಲಿ ಕೆಳಗಿನ ಕಬ್ಬಿಣದ ಬೇಲಿಯ ಹತ್ತಿರದಿಂದ ಒಂದು ನರಳಾಟ, ಅವಳ ಕೈಯಲ್ಲೇ ಇದ್ದ ಮೈಕಿನ ಮೂಲಕ ಹಾದು, ಇಡೀ ಸಭಾಂಗಣಕ್ಕೆ ಕೇಳಿಸಿತು.

ಶಿಳ್ಳೆ ನಿಂತಿತು.

ಇನ್‌ಸ್ಪೆಕ್ಟರ್ ಆಗ ಹಿಂಭಾಗದಲ್ಲಿದ್ದಳು. ಸೌಂಡ್ ಮೇಜಿನ ಪಕ್ಕದ ಕಂಬಕ್ಕೆ ಒರಗಿ ನಿಂತಿದ್ದಳು. ಡ್ಯೂಟಿಯ ಮೇಲಲ್ಲ. ಟಿಕೆಟ್ ಕೊಂಡು, ಖಾಕಿ ಬಿಚ್ಚಿಟ್ಟು, ಒಬ್ಬಳೇ ಬಂದಿದ್ದಳು.

ಹೊರಡುವಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತು ಕೇಳಿದ್ದರು. “ಒಬ್ಬಳೇ ಹೋಗೋದಾ? ಆ ಗದ್ದಲಕ್ಕೆ?”

“ಕಳ್ಳರ ಹಿಂದೆ ಒಬ್ಬಳೇ ಓಡ್ತೀನಲ್ಲ ಅತ್ತೆ, ಹಾಡು ಕೇಳೋಕೆ ಕಾವಲು ಬೇಕಾ?”

“ಕಳ್ಳರ ಹಿಂದೆ ಓಡಿದ್ರೆ ಸಂಬಳ ಕೊಡ್ತಾರೆ ಕಣೆ. ಇದಕ್ಕೆ ನೀನೇ ಕೈಯಿಂದ ಹಾಕಿ ಹೋಗ್ತಾ ಇದೀಯಲ್ಲ!”

ಒಬ್ಬಳೇ ಹೋಗುವುದರಲ್ಲಿ ಒಂದು ಸುಖವಿದೆ, ಅದನ್ನು ಅತ್ತೆಗೆ ಹೇಳಿ ತಿಳಿಸುವುದು ಕಷ್ಟ. ಜೊತೆಯಲ್ಲಿ ಬಂದವರು ಜೊತೆಯವರ ಮುಖ ನೋಡುತ್ತಾರೆ. ಅವನಿಗೆ ಹಿಡಿಸಿತೇ, ಇವಳಿಗೆ ಬೇಜಾರಾಯಿತೇ ಎಂದು ಅಳೆಯುತ್ತಾರೆ. ಒಬ್ಬರೇ ಬಂದವರಿಗೆ ಆ ಕಾಟವಿಲ್ಲ. ಕಣ್ಣು, ಕಿವಿ, ಕಾಲು ಎಲ್ಲ ಹಾಡಿಗೇ.

ಬಾಗಿಲಲ್ಲಿ ಕೈಗೆ ಮುದ್ರೆ ಒತ್ತುವವನು ಅವಳ ಮುಂದಿದ್ದ ಹೆಂಗಸನ್ನೂ ಅದನ್ನೇ ಕೇಳಿದ್ದ. “ಒಬ್ರೇನಾ?”

ತೆಳ್ಳಗಿನ ಹೆಂಗಸು. ಗಿಡ್ಡ ಕೂದಲು, ಕುತ್ತಿಗೆಗೆ ಬಿಗಿಯಾಗಿ ಸುತ್ತಿದ ಬಟ್ಟೆ. “ಒಬ್ಬಳೇ. ಯಾಕಪ್ಪ, ಇಬ್ಬರು ಬಂದ್ರೆ ಬೇರೆ ಹಾಡು ಹಾಡ್ತಾರಾ?” ಎಂದಳು. ದನಿ ಕರಕಲಾಗಿತ್ತು. ಹೆಂಗಸರಿಬ್ಬರೂ ನಕ್ಕರು. ಆಕೆ ಮುಂದಿನ ಸಾಲಿಗೆ ಹೋದಳು, ಇನ್‌ಸ್ಪೆಕ್ಟರ್ ತನ್ನ ಕಂಬಕ್ಕೆ ಬಂದಳು.

ಈಗ ಇನ್‌ಸ್ಪೆಕ್ಟರ್ ಜನರನ್ನು ಸೀಳಿಕೊಂಡು ಓಡಿದಳು. ಗಾಯಕಿ ಬೇಲಿಯ ಮೇಲೆ ಬಿದ್ದು ಆಚೆ ಉರುಳಿದ್ದಳು. ಸೊಂಟ ಮುರಿದಿತ್ತು. ಕಾಲು ತಿರುಚಿಕೊಂಡಿತ್ತು. ಕಿವಿಯಲ್ಲಿ ಮಾತ್ರ ಹಾಡುಗಾರರು ಹಾಕಿಕೊಳ್ಳುವ ಪುಟ್ಟ ಸ್ಪೀಕರುಗಳು ಹಾಗೇ ಬಿಗಿಯಾಗಿ ಕೂತಿದ್ದವು.

“ಯಾರೂ ಹೊರಗೆ ಹೋಗ್ಬೇಡಿ!” ಇನ್‌ಸ್ಪೆಕ್ಟರ್ ಕೂಗಿದಳು. “ಪೊಲೀಸ್!”

ಗಾಯಕಿಯ ಪಕ್ಕದಲ್ಲಿ, ಬೇಲಿಗೆ ಎರಡೂ ಕೈ ಊರಿಕೊಂಡು, ಕುತ್ತಿಗೆಗೆ ಬಟ್ಟೆ ಸುತ್ತಿದ ಹೆಂಗಸು ನಿಂತಿದ್ದಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

* * *

ಆಂಬುಲೆನ್ಸ್ ಹೊರಟ ಮೇಲೆ ಮ್ಯಾನೇಜರ್ ಮೊದಲು ಮಾಡಿದ ಕೆಲಸ ಸೌಂಡ್ ಮೇಜು ನೋಡಿಕೊಳ್ಳುವ ಸೌಂಡಣ್ಣನ ಕಾಲರ್ ಹಿಡಿದದ್ದು. ಮ್ಯಾನೇಜರ್ ಗಾಯಕಿಯ ಸ್ವಂತ ಅಣ್ಣ. ಎತ್ತಿನ ಹೆಗಲಿನಂಥ ಹೆಗಲು.

“ನನ್ನ ತಂಗಿ ಕಿವಿ ನಿನ್ನ ಕೈಲಿತ್ತಲ್ಲೋ! ಏನ್ ಮಾಡ್ದೆ?”

“ಬಿಡಿ ಅವರನ್ನ,” ಎಂದಳು ಇನ್‌ಸ್ಪೆಕ್ಟರ್. “ಕತ್ತಲಾದಾಗ ಈ ಅಣ್ಣ ಎರಡೂ ಕೈ ತಲೆ ಮೇಲಿಟ್ಕೊಂಡು ಆಕಳಿಸ್ತಾ ಇದ್ರು. ನಾನು ಪಕ್ಕದಲ್ಲೇ ಇದ್ದೆ, ಮೇಜಿನ ಬೆಳಕಲ್ಲಿ ಕಾಣ್ತಾ ಇತ್ತು. ಮೊದ್ಲು ನನಗೆ ಅರ್ಥ ಆಗೋ ಹಾಗೆ ಹೇಳಿ, ಕತ್ತಲಲ್ಲಿ ಆಕೆ ನಡೆಯೋದು ಹೇಗೆ?”

ಸೌಂಡಣ್ಣ ಕಾಲರ್ ಸರಿಮಾಡಿಕೊಂಡ. “ಕೊನೇ ಹಾಡಿನ ಮಧ್ಯೆ ವಾದ್ಯ ಎಲ್ಲ ನಿಲ್ಲುತ್ತೆ ಮೇಡಂ. ದೀಪ ಆರುತ್ತೆ. ಹೊಗೆ ಬಿಡ್ತಾರೆ, ಅಂಚೇ ಕಾಣಲ್ಲ. ಆಕೆ ಕಿವಿಯೊಳಗೆ ಒಂದು ದನಿ ಬರುತ್ತೆ. ‘ನಡಿ’ ಅನ್ನುತ್ತೆ. ಆಕೆ ತನ್ನ ಪಾಡಿಗೆ ನಡೀತಾಳೆ. ತುದಿ ಬಂದಾಗ ‘ನಿಲ್ಲು’ ಅನ್ನುತ್ತೆ. ನಿಲ್ತಾಳೆ. ದೀಪದವನೂ ಅದೇ ದನಿ ಕೇಳಿ ದೀಪ ಹಾಕ್ತಾನೆ.”

“ಮಧ್ಯೆ ತಾಳದ ಟಿಕ್ ಟಿಕ್ ಏನೂ ಇರಲ್ವಾ ಕಿವೀಲಿ?”

“ಇಲ್ಲ. ಅದಿದ್ರೆ ಕಾಲು ತೊಡರುತ್ತೆ ಅಂತ ಆಕೇನೇ ತೆಗೆಸಿದ್ಲು.”

“ಆ ದನಿ ಎಲ್ಲಿಂದ ಬರೋದು?”

“ಡ್ರಮ್ಮರ್ ಪಕ್ಕದ ಕಂಪ್ಯೂಟರಿನಿಂದ. ಹಾಡಿನ ಜೊತೆಗೇ ಅದೂ ಓಡುತ್ತೆ.”

ಡ್ರಮ್ಮರ್ ತನ್ನ ಡ್ರಮ್ಮುಗಳ ಹಿಂದೆ ಇನ್ನೂ ಕೂತೇ ಇದ್ದ. ಮೂವತ್ತು ದಾಟದ ಹುಡುಗ, ಮಾತು ಕಡಿಮೆ. ಕೇಳುವ ಮೊದಲೇ ಕಂಪ್ಯೂಟರನ್ನು ತಿರುಗಿಸಿ ತೋರಿಸಿದ. ಹಾಡು ಹಾಕಿದರು. ‘ನಡಿ’ ಎಂದಿತು ಒಂದು ಹೆಣ್ಣು ದನಿ. ತಿಳಿಯಾದ, ತುಂಬಿದ ದನಿ. ಮೌನ. ಆಮೇಲೆ ‘ನಿಲ್ಲು.’ ಎಲ್ಲ ಇರಬೇಕಾದ ಜಾಗದಲ್ಲೇ ಇತ್ತು.

“ಯಾರದು ಈ ದನಿ?”

ಮ್ಯಾನೇಜರ್ ಹಲ್ಲು ಕಡಿದ. “ಅದೇ ಹೇಳೋಕೆ ಹೊರಟೆ. ಅವಳದ್ದೇ. ಅಲ್ಲಿ ನಿಂತಿದಾಳಲ್ಲ, ಕುತ್ತಿಗೆಗೆ ಬಟ್ಟೆ ಕಟ್ಕೊಂಡು. ನಮ್ಮ ಹಳೇ ಗಾಯಕಿ.”

ಕಥೆ ಹೊರಬಿತ್ತು. ತಂಡ ಕಟ್ಟಿದ್ದೇ ಆಕೆ. ಹಾಡು ಕಟ್ಟಿದ್ದೂ ಆಕೆ. ಗಂಟಲಿಗೆ ಆಪರೇಷನ್ ಆಯಿತು. ‘ವಾಸಿ ಮಾಡ್ಕೊಂಡು ಬಾ, ಜಾಗ ಎಲ್ಲೂ ಹೋಗಲ್ಲ’ ಎಂದು ಮ್ಯಾನೇಜರೇ ಹೂಗುಚ್ಛ ಕೊಟ್ಟು ಕಳಿಸಿದ. ವಾಸಿಯಾಗಿ ಬಂದಾಗ ಮೈಕಿನ ಮುಂದೆ ಅವನ ತಂಗಿ ನಿಂತಿದ್ದಳು. ಹಾಡುಗಳನ್ನು ಉಳಿಸಿಕೊಂಡರು, ಆಕೆಯನ್ನು ಬಿಟ್ಟರು. ಕತ್ತಲಲ್ಲಿ ದಾರಿ ಹೇಳುವ ಆ ಎರಡು ಮಾತನ್ನೂ ಅಳಿಸಲಿಲ್ಲ. ಇನ್ನೊಬ್ಬರನ್ನು ಕೂರಿಸಿ ಹೇಳಿಸುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ.

“ಎಲ್ಲರ ಎದುರಿಗೆ ಶಪಥ ಮಾಡಿ ಹೋಗಿದ್ಲು,” ಎಂದ ಮ್ಯಾನೇಜರ್. “‘ಆ ಹಲಗೆ ಮೇಲಿಂದ ನಿನ್ನ ತಂಗೀನ ಇಳಿಸ್ದೆ ಬಿಡಲ್ಲ’ ಅಂತ. ಇವತ್ತು ಹಿಂಬಾಗಿಲ ಹತ್ರ ಸುಳಿದಾಡಿದ್ಲು, ಕಾವಲಿನವನು ನೋಡಿದಾನೆ. ಎಲ್ಲಕ್ಕಿಂತ ದೊಡ್ಡದು ಕೇಳಿ. ದೀಪ ಹತ್ತೋ ಮುಂಚೆ, ನನ್ನ ತಂಗಿ ಬೀಳೋ ಮುಂಚೆ, ಇವಳು ‘ನಿಲ್ಲು’ ಅಂತ ಕಿರುಚಿದ್ಲು. ಆ ಕತ್ತಲಲ್ಲಿ, ಆ ಹೊಗೇಲಿ! ಬೀಳ್ತಾಳೆ ಅಂತ ಇವಳಿಗೆ ಹೇಗೆ ಗೊತ್ತಾಯ್ತು?”

ಮುಂದಿನ ಸಾಲಿನವರು ಎಲ್ಲ ಅದನ್ನೇ ಹೇಳಿದರು. ಕಿರುಚಾಟ ಮೊದಲು. ಬಿದ್ದ ಸದ್ದು ಆಮೇಲೆ. ಹಿಂದಿದ್ದ ಇನ್‌ಸ್ಪೆಕ್ಟರಿಗೆ ಜನರ ಗದ್ದಲದಲ್ಲಿ ಎರಡೂ ಕೇಳಿಸಿರಲಿಲ್ಲ.

“ಡ್ರಮ್ಮರ್‌ನ ಕೇಳಿ ಬೇಕಾದ್ರೆ,” ಎಂದ ಮ್ಯಾನೇಜರ್. “ಅವಳ ಒಡಹುಟ್ಟಿದ ತಮ್ಮ. ಅಂಥವನೇ ಅಕ್ಕನ ಸಹವಾಸ ಸಾಕು ಅಂತ ನಮ್ಮ ಕಡೆ ನಿಂತ. ಅವಳು ಇವನ ಹತ್ರ ಮಾತೇ ಬಿಟ್ಟಿದಾಳೆ.”

ಡ್ರಮ್ಮರ್ ತಲೆಯೆತ್ತಲಿಲ್ಲ. ಕಂಪ್ಯೂಟರಿನ ಮುಚ್ಚಳ ಮೆಲ್ಲಗೆ ಹಾಕಿದ.

* * *

ಆಸ್ಪತ್ರೆಯಲ್ಲಿ ಗಾಯಕಿಗೆ ಎಚ್ಚರವಾಗಿತ್ತು. ಸೊಂಟದಿಂದ ಕೆಳಗೆಲ್ಲ ಪಟ್ಟಿ. ತುಟಿ ಒಣಗಿತ್ತು, ಕಣ್ಣು ಮಾತ್ರ ಕೆಂಡ.

“ಯಾರು ಅಂತ ಗೊತ್ತಾದ್ರೆ ಮೊದ್ಲು ನನಗೆ ಹೇಳಿ ಮೇಡಂ. ಕೋರ್ಟಿಗೆ ಆಮೇಲೆ ಹೇಳಿ.”

“ನಿಮಗೆ ಹೇಳಿದ್ರೆ ಏನ್ ಮಾಡ್ತೀರಿ? ಮಂಚದಿಂದ ಏಳಕ್ಕಾಗಲ್ಲ.”

“ಏಳ್ತೀನಿ. ಎದ್ದು ಅವರನ್ನ ಮಲಗಿಸ್ತೀನಿ.”

ಇನ್‌ಸ್ಪೆಕ್ಟರ್ ಕುರ್ಚಿ ಎಳೆದು ಕೂತಳು. “‘ನಿಲ್ಲು’ ಅನ್ನೋ ದನಿ ಬರಲೇ ಇಲ್ವಾ?”

ಗಾಯಕಿ ಕಿವಿ ಮುಟ್ಟಿಕೊಂಡಳು. “ಬಂತು. ಬೀಳ್ತಾ ಇರೋವಾಗ ಕೇಳಿಸ್ತು.”

“ಹೊರಗಿನಿಂದ ಯಾರೋ ಕೂಗಿದ್ದಾ, ಕಿವಿಯೊಳಗಿಂದಾ?”

“ಕಿವಿಯೊಳಗಿಂದ. ಅದು ಹಾಕ್ಕೊಂಡ್ರೆ ಹೊರಗಡೆ ಮನೆ ಬಿದ್ರೂ ಕೇಳಲ್ಲ.” ಅವಳು ಕಣ್ಣು ಮುಚ್ಚಿದಳು. “ಇವತ್ತು ಹಾಡೇ ಭಾರ ಅನ್ನಿಸ್ತು. ಉಸಿರು ಸಾಲ್ತಾ ಇರ್ಲಿಲ್ಲ. ನನಗೇ ಸುಸ್ತಾಗಿದೆ ಅಂದ್ಕೊಂಡೆ.”

ದನಿ ಬಂದಿತ್ತು, ತಡವಾಗಿ ಬಂದಿತ್ತು. ಕಂಪ್ಯೂಟರಿನಲ್ಲಿ ನೋಡಿದರೆ ತಡವಿಲ್ಲ. ಇನ್‌ಸ್ಪೆಕ್ಟರ್ ಇದನ್ನೇ ಮೆಲುಕು ಹಾಕುತ್ತ ಮೆಟ್ಟಿಲಿಳಿದಳು.

* * *

ಠಾಣೆಯಲ್ಲಿ ಹಳೇ ಗಾಯಕಿ ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದಳು. ಹೆಡ್ ಕಾನ್‌ಸ್ಟೇಬಲ್ ಕೊಟ್ಟ ಟೀ ಹಾಗೇ ಕೆನೆಗಟ್ಟಿತ್ತು.

“ಕುಡೀರಮ್ಮ,” ಎಂದ ಅವನು. “ನಮ್ಮ ಠಾಣೆ ಟೀ ಕುಡಿದವರು ತಪ್ಪೊಪ್ಕೊಂಡಿದಾರೆ ಹೊರತು ಸತ್ತಿಲ್ಲ.”

ಆಕೆಯ ತುಟಿ ಕೊಂಚ ಅಲುಗಿತು, ನಗು ಬರಲಿಲ್ಲ.

“ಒಬ್ಬರೇ ಯಾಕೆ ಬಂದ್ರಿ?” ಇನ್‌ಸ್ಪೆಕ್ಟರ್ ಕೇಳಿದಳು.

“ಯಾರನ್ನ ಕರ್ಕೊಂಡು ಬರ್ಲಿ? ನನ್ನ ಹಾಡನ್ನ ಬೇರೆಯವಳ ಬಾಯಲ್ಲಿ ಕೇಳೋಕೆ ಹೋಗ್ತೀನಿ, ಜೊತೆಗೆ ಬಾ ಅಂತ ಯಾರನ್ನ ಕರೀಲಿ? ಟಿಕೆಟ್ ಮನೆಗೆ ಬಂತು. ಕಳಿಸಿದವರ ಹೆಸರಿಲ್ಲ. ಅವಮಾನ ಮಾಡೋಕೆ ಮ್ಯಾನೇಜರ್ ಕಳಿಸಿರ್ಬೇಕು ಅಂದ್ಕೊಂಡೆ. ಹೋಗ್ತೀನಿ, ಎದುರಿಗೇ ನಿಂತು ದಿಟ್ಟಿಸ್ತೀನಿ, ಅವಳ ದನಿ ನಡುಗ್ಲಿ ಅಂತ ಬಂದೆ.”

“ಹಿಂಬಾಗಿಲಿಗೆ ಯಾಕೆ ಹೋದ್ರಿ?”

“ತಮ್ಮನ್ನ ನೋಡೋಕೆ. ಬಾಗಿಲ ತನಕ ಹೋದೆ. ನನ್ನ ಸ್ವಾಭಿಮಾನ ವಾಪಸ್ ಎಳ್ಕೊಂಡು ಬಂತು.”

“ಅವಳ ಮೇಲೆ ಸಿಟ್ಟು ಇದೆ?”

“ಸಿಟ್ಟಾ? ಮಲಗಿದ್ರೆ ಅದೇ ಹಾಸಿಗೆ ನನಗೆ, ಅದೇ ಹೊದಿಕೆ.”

“ಮತ್ತೆ ಆಕೆ ಬೀಳೋ ಮುಂಚೆ ‘ನಿಲ್ಲು’ ಅಂತ ಕೂಗಿದ್ದು?”

ಆಕೆ ಗೋಡೆ ನೋಡಿದಳು. “ಕೂಗಿದೆ.”

“ಯಾಕೆ?”

“ಹೇಳಲ್ಲ.”

“ಅದೊಂದು ಮಾತು ನಿಮ್ಮನ್ನ ಒಳಗೆ ಹಾಕ್ಸುತ್ತಮ್ಮ. ಕೊಲೆ ಯತ್ನ. ಅರ್ಧ ಆಯುಷ್ಯ ಹೋಗುತ್ತೆ.”

“ಹೋಗ್ಲಿ.” ಕುತ್ತಿಗೆಯ ಬಟ್ಟೆಯನ್ನು ಇನ್ನಷ್ಟು ಬಿಗಿದುಕೊಂಡಳು. “ದನಿ ಹೋದ ಮೇಲೆ ಉಳಿದದ್ದು ಅರ್ಧಾನೇ.”

ಫೋನ್ ಬಡಿದುಕೊಂಡಿತು. ದೊಡ್ಡ ಸಾಹೇಬರು. ಮ್ಯಾನೇಜರ್ ಅವರ ತನಕ ಹೋಗಿದ್ದ. “ಇನ್ನೇನ್ರೀ ಬೇಕು? ಶಪಥ ಇದೆ, ದ್ವೇಷ ಇದೆ, ಕೂಗಿದ್ದು ಇದೆ. ನಾಳೆ ಕೇಸ್ ಹಾಕಿ ಕೋರ್ಟಿಗೆ ಕಳಿಸಿ.”

“ಹೇಗೆ ಮಾಡಿದ್ಲು ಅನ್ನೋದೊಂದು ಇಲ್ಲ ಸರ್.”

“ಅದನ್ನ ಅವಳೇ ಹೇಳ್ತಾಳೆ, ಕೂರ್ಸಿ.”

ಇನ್‌ಸ್ಪೆಕ್ಟರ್ ಫೋನ್ ಇಟ್ಟಳು. ತಪ್ಪು ಮಾಡಿದವರು ಸುಳ್ಳು ಹೇಳುತ್ತಾರೆ. ಈಕೆ ಸುಳ್ಳನ್ನೂ ಹೇಳದೆ ಸುಮ್ಮನಿದ್ದಾಳೆ. ಹಾಗೆ ಸುಮ್ಮನಿರುವವರು ಸಾಮಾನ್ಯವಾಗಿ ತಮ್ಮನ್ನು ತಾವೇ ಕಾಪಾಡಿಕೊಳ್ಳುತ್ತಿರುವುದಿಲ್ಲ.

* * *

ಬೆಳಿಗ್ಗೆ ಅವಳು ಎಂದಿನಂತೆ ನಡೆದೇ ಠಾಣೆಗೆ ಹೊರಟಳು. ಎಂದಿನಂತೆ ಕಿವಿಗೆ ಹಾಡು ಸಿಕ್ಕಿಸಿಕೊಂಡಳು. ಅದೇ ತಂಡದ್ದು, ಅದೇ ಕೊನೆಯ ಹಾಡು, ಹಿಂದೆ ಎಲ್ಲೋ ವೇದಿಕೆಯ ಮೇಲೆ ಹಾಡಿದ್ದು. ಎಷ್ಟೋ ದಿನದಿಂದ ಅವಳ ಕಾಲು ಅದೇ ಹಾಡಿಗೆ ಹೆಜ್ಜೆ ಹಾಕುತ್ತ ಬಂದಿದೆ. ಒಂದು ಬೀದಿ ದಾಟಿದಳು. ಹಾಲಿನ ಅಂಗಡಿ ದಾಟಿದಳು.

ನಿಂತುಬಿಟ್ಟಳು. ಹಿಂದಿನಿಂದ ಬಂದ ಸೈಕಲ್ಲಿನವನು ಬೈದುಕೊಂಡು ಹೋದ.

ಇವತ್ತು ಕಾಲು ಸರಿಯಾಗಿ ಬೀಳುತ್ತಿದೆ. ನಿನ್ನೆ ಬಿದ್ದಿರಲಿಲ್ಲ. ನಿನ್ನೆ ಕಂಬಕ್ಕೆ ಒರಗಿ ತಾಳ ಹಾಕುತ್ತಿದ್ದಾಗ ಅವಳ ಪಾದ ಪದೇಪದೇ ಡ್ರಮ್ಮಿಗಿಂತ ಮುಂದೆ ಓಡಿತ್ತು. ಇಡೀ ದಿನ ನಿಂತ ಕಾಲು, ದಣಿದಿದೆ ಎಂದು ಬೈದುಕೊಂಡು ಸುಮ್ಮನಾಗಿದ್ದಳು. ದಣಿದ ಕಾಲು ಹಿಂದೆ ಬೀಳಬೇಕು. ಮುಂದೆ ಹೇಗೆ ಓಡುತ್ತದೆ?

‘ಹಾಡೇ ಭಾರ ಅನ್ನಿಸ್ತು.’ ಗಾಯಕಿಯೂ ತನ್ನನ್ನೇ ಬೈದುಕೊಂಡಿದ್ದಳು.

ಅವಳು ಅಲ್ಲಿಂದಲೇ ಡ್ರಮ್ಮರಿಗೆ ಫೋನ್ ಮಾಡಿದಳು. “ನಿನ್ನೆ ಕೊನೇ ಹಾಡು ಸ್ವಲ್ಪ ನಿಧಾನ ಆಯ್ತೇನಪ್ಪ?”

ಆ ಕಡೆ ಒಂದು ಉಸಿರು. “ಇಲ್ಲ ಮೇಡಂ. ಎಂದಿನ ವೇಗಾನೇ. ಮೆಷಿನ್ ಹೇಳಿದ ಹಾಗೆ ಬಾರಿಸ್ತೀನಿ.”

“ಸರಿ ಬಿಡು. ನಮಗೇನ್ ಗೊತ್ತಾಗುತ್ತೆ ತಾಳ.”

ಫೋನ್ ಇಟ್ಟು, ಠಾಣೆಗೆ ಹೋಗಿ ಹೆಡ್ ಕಾನ್‌ಸ್ಟೇಬಲ್‌ಗೆ ಹೇಳಿದಳು. “ನಿನ್ನೆ ಮೊಬೈಲಲ್ಲಿ ವಿಡಿಯೋ ಮಾಡಿದವರು ಬೇಕು. ಆಮೇಲೆ ಎಲ್ಲರನ್ನೂ ಸಭಾಂಗಣಕ್ಕೆ ಕರೆಸಿ. ಡ್ರಮ್ಮರ್ ಅಕ್ಕನ್ನೂ ಕರ್ಕೊಂಡು ಬನ್ನಿ.”

“ಮ್ಯಾನೇಜರ್ ಬಂದ್ರೆ ಆಯಮ್ಮನ ಮೇಲೆ ಬೀಳ್ತಾನೆ ಮೇಡಂ.”

“ನೀವಿದೀರಲ್ಲ, ಮಧ್ಯೆ ನಿಂತ್ಕೊಳ್ಳಿ. ಇಷ್ಟು ವರ್ಷ ಹೊಟ್ಟೆ ಬೆಳೆಸಿದ್ದು ಯಾತಕ್ಕೆ?”

* * *

ಹಗಲಿನಲ್ಲಿ ಸಭಾಂಗಣ ಬೇರೆಯೇ ಆಗಿ ಕಂಡಿತು. ಬಾಗಿಲು ತೆರೆದಿದ್ದರು. ನೆಲಕ್ಕೆಲ್ಲ ಅಂಟು ಅಂಟು. ಹಲಗೆಯ ಹಾದಿ ಅಷ್ಟೇನೂ ಉದ್ದವಿರಲಿಲ್ಲ.

ಮ್ಯಾನೇಜರ್ ಹಳೇ ಗಾಯಕಿಯನ್ನು ನೋಡಿದ್ದೇ ಮುನ್ನುಗ್ಗಿದ. “ನನ್ನ ತಂಗಿ ಮತ್ತೆ ನಡೀತಾಳೋ ಇಲ್ವೋ ಗೊತ್ತಿಲ್ಲ. ಇವಳು ಹೇಗೆ ನಡೀತಾಳೆ ನೋಡ್ತೀನಿ!” ಹೆಡ್ ಕಾನ್‌ಸ್ಟೇಬಲ್ ಅಡ್ಡ ನಿಂತ. ಅವನ ಹೊಟ್ಟೆ ಕೆಲಸಕ್ಕೆ ಬಂತು.

“ಕೂತ್ಕೊಳ್ಳಿ,” ಎಂದಳು ಇನ್‌ಸ್ಪೆಕ್ಟರ್. ಡ್ರಮ್ಮರಿನತ್ತ ತಿರುಗಿದಳು. “ಆ ಮೆಷಿನ್ ಬೇಡ. ಕೊನೇ ಹಾಡಿನ ತಾಳ ಸುಮ್ನೆ ಬಾರ್ಸಪ್ಪ.”

“ಯಾಕೆ ಮೇಡಂ?”

“ಒಬ್ಬಳೇ ಬಂದು ಅರ್ಧಕ್ಕೇ ಹೋಗ್ಬೇಕಾಯ್ತು. ಟಿಕೆಟ್ ದುಡ್ಡು ವಸೂಲಾಗ್ಲಿ.”

ಅವನು ಕೋಲು ಹಿಡಿದ. ಶುರು ಮಾಡಿದ. ನೂರಾರು ಸಲ ಬಾರಿಸಿದ ಕೈ, ಅದು ತನ್ನ ದಾರಿಯನ್ನು ತಾನೇ ಹಿಡಿಯಿತು. ಇನ್‌ಸ್ಪೆಕ್ಟರಿನ ಪಾದ ಎಲ್ಲೂ ತಪ್ಪದೆ ಅದರ ಜೊತೆಗೆ ಬಿತ್ತು. ಆಗ ಅವಳು ಸೌಂಡಣ್ಣನಿಗೆ ಸನ್ನೆ ಮಾಡಿದಳು. ನಿನ್ನೆ ಯಾರೋ ಮೊಬೈಲಿನಲ್ಲಿ ಹಿಡಿದ ಅದೇ ಹಾಡು ದೊಡ್ಡ ಸ್ಪೀಕರಿನಲ್ಲಿ ಹೊರಬಂತು.

ಎರಡು ಸಾಲು ಮುಗಿಯುವಷ್ಟರಲ್ಲಿ ಹಾಡು ಹಿಂದೆ ಬಿತ್ತು. ಡ್ರಮ್ಮು ಮುಂದೆ ಹೋಯಿತು. ಹೊರೆ ಹೊತ್ತವನಂತೆ ಹಾಡು ಏದುಸಿರು ಬಿಡುತ್ತ ಹಿಂಬಾಲಿಸಿತು. ಸೌಂಡಣ್ಣ ಬಾಯಿ ತೆರೆದ. “ಅಯ್ಯೋ, ಇದು ಎಳೀತಾ ಇದೆ! ನಿನ್ನೆ ನನಗೆ ಯಾಕೆ ಗೊತ್ತಾಗ್ಲಿಲ್ಲ?”

“ಎಲ್ಲರೂ ಒಟ್ಟಿಗೆ ನಿಧಾನ ಆದ್ರೆ ಯಾರಿಗೂ ಗೊತ್ತಾಗಲ್ಲ ಅಣ್ಣ.”

ಡ್ರಮ್ಮು ನಿಂತಿತು.

“ಕಂಪ್ಯೂಟರಲ್ಲಿ ‘ನಿಲ್ಲು’ ಇದ್ದ ಜಾಗದಲ್ಲೇ ಇತ್ತು,” ಎಂದಳು ಇನ್‌ಸ್ಪೆಕ್ಟರ್. “ಅದನ್ನ ಯಾರೂ ಮುಟ್ಟಲಿಲ್ಲ. ಹಾಡಿನ ವೇಗ ತಗ್ಗಿಸಿದ್ರು, ಅಷ್ಟೇ. ಹಾಡು ನಿಧಾನ ಆದ್ರೆ ಮಧ್ಯದ ಮೌನಾನೂ ಉದ್ದ ಆಗುತ್ತೆ. ಆಕೆ ಕಿವೀಲಿ ತಾಳ ಇಲ್ಲ. ತನ್ನ ನಡಿಗೇಲಿ ತಾನು ನಡೀತಾಳೆ. ಕಾಲು ತುದಿ ಮುಟ್ಟಿದಾಗ ದನಿ ಇನ್ನೂ ಬಂದಿರಲ್ಲ. ಒಂದು ಹೆಜ್ಜೆ ಸಾಕು. ಬಿದ್ದ ಗದ್ದಲದಲ್ಲಿ ವೇಗ ಮತ್ತೆ ಮೊದಲಿನ ಹಾಗೆ ಮಾಡಿಟ್ರೆ ಮುಗೀತು. ಆ ಮೆಷಿನ್ ಇರೋದು ಒಬ್ಬರ ಕೈಯಳತೇಲಿ. ಸೌಂಡಣ್ಣನಿಗೆ ಗೊತ್ತಾಗದೆ ಇರಬಹುದು, ಆ ಹುಡುಗಿ ಸುಸ್ತು ಅಂದ್ಕೋಬಹುದು. ತಾಳಾನೇ ಕಸುಬಾಗಿರೋನಿಗೆ ಗೊತ್ತಾಗ್ಲಿಲ್ಲ ಅಂದ್ರೆ ನಾನು ನಂಬಬೇಕಾ? ಬೆಳಿಗ್ಗೆ ಕೇಳಿದ್ರೆ ‘ಎಂದಿನ ವೇಗಾನೇ’ ಅಂದೆ.”

ಮ್ಯಾನೇಜರ್ ನಿಧಾನವಾಗಿ ಎದ್ದ. “ನೀನಾ? ನಮ್ಮ ಅನ್ನ ತಿಂದು—”

“ನಿಮ್ಮ ಅನ್ನ?” ಡ್ರಮ್ಮರ್ ನಕ್ಕ. ಅವನು ನಕ್ಕದ್ದನ್ನು ಅಲ್ಲಿ ಯಾರೂ ಅದುವರೆಗೆ ನೋಡಿರಲಿಲ್ಲ. “ಅನ್ನ ನನ್ನ ಅಕ್ಕಂದು. ಹಾಡು ಅಕ್ಕಂದು. ಕೈಗೆ ಕೋಲು ಕೊಟ್ಟೋಳು ಅಕ್ಕ. ನಿಮ್ಮ ಕಡೆ ಯಾಕೆ ನಿಂತೆ ಅಂದ್ಕೊಂಡ್ರಿ? ದೂರದಿಂದ ಕಲ್ಲು ಹೊಡೆಯೋಕೆ ಇಷ್ಟ ಇರ್ಲಿಲ್ಲ. ದಿನಾ ಹಿಂದೆ ಕೂತು ಅವಳ ಬೆನ್ನು ನೋಡ್ದೆ. ದಿನಾ. ಟಿಕೆಟ್ ನಾನೇ ಕಳಿಸ್ದೆ. ಅಕ್ಕ ಎದುರಿಗೇ ನಿಂತು ಕಣ್ತುಂಬ ನೋಡ್ಲಿ ಅಂತ.”

ಅವನು ಅಕ್ಕನತ್ತ ತಿರುಗಿದ. ಈಗ ಮಾತ್ರ ದನಿ ಒಡೆಯಿತು. “ನೀನ್ಯಾಕೆ ಕೂಗ್ದೆ ಅಕ್ಕ? ನಿನಗೋಸ್ಕರ ಮಾಡಿದ್ದು.”

ಇನ್‌ಸ್ಪೆಕ್ಟರ್ ಆಕೆಯ ಎದುರಿಗೆ ಬಂದು ನಿಂತಳು.

“ವಿಡಿಯೋ ಹಿಡಿದ ಮೊಬೈಲೇ ಕೆಟ್ಟಿತ್ತು ಅಂತ ವಕೀಲರು ಅನ್ನಬಹುದು. ಪೊಲೀಸರ ಮುಂದೆ ಇವನು ಒಪ್ಕೊಂಡಿದ್ದು, ನನ್ನ ಕಾಲಿನ ಸಾಕ್ಷಿ, ಎರಡೂ ಕೋರ್ಟಲ್ಲಿ ನಿಲ್ಲಲ್ಲ. ಹಾಡು ಕಟ್ಟಿದವರು, ಅಲ್ಲೇ ನಿಂತು ಕೇಳಿದವರು ನೀವೊಬ್ಬರೇ. ನಿಮ್ಮನ್ನ ಈಗ್ಲೇ ಬಿಡ್ತೀನಿ. ಮಾತಾಡ್ಬೇಕು ಅಂತೇನಿಲ್ಲ. ಒಡಹುಟ್ಟಿದವನು.”

ಆಕೆ ಬಹಳ ಹೊತ್ತು ತಮ್ಮನನ್ನೇ ನೋಡಿದಳು. ಅಷ್ಟು ದಿನ ನೋಡದೆ ಉಳಿದದ್ದನ್ನೆಲ್ಲ ಒಟ್ಟಿಗೆ ನೋಡುವವಳಂತೆ.

“ಮೊದಲನೇ ಸಾಲಿಗೇ ಗೊತ್ತಾಯ್ತು, ಹಾಡು ಎಳೀತಿದೆ ಅಂತ,” ಎಂದಳು. “ಇವನು ಸರಿಯಾಗಿ ಬಾರಿಸ್ತಿಲ್ಲ ಅಂತ ಸಿಟ್ಟು ಬಂತು. ಕತ್ತಲಾಯ್ತು. ಆ ಮೌನ ನಾನು ಕಟ್ಟಿದ್ದು, ನನ್ನ ಮೈಗೆ ಗೊತ್ತು. ತಲೆ ಮೇಲೆ ಅವಳ ಹೆಜ್ಜೆ ಬಂತು. ‘ನಿಲ್ಲು’ ಇನ್ನೂ ದೂರ ಇದೆ ಅಂತ ಹೊಳೀತು. ಕೂಗಿದೆ. ಇರೋ ದನಿಯೆಲ್ಲ ಹಾಕಿ ಕೂಗಿದೆ. ಅವಳ ಕಿವೀಲಿ ನನ್ನದೇ ಒಳ್ಳೇ ದನಿ ತುಂಬ್ಕೊಂಡಿತ್ತು, ಈ ಹರಕು ದನಿ ಹೇಗೆ ಕೇಳುತ್ತೆ?” ಆಕೆ ಹೆಡ್ ಕಾನ್‌ಸ್ಟೇಬಲ್ ಕಡೆ ತಿರುಗಿದಳು. “ಬರ್ಕೊಳ್ಳಿ. ಎಲ್ಲ ಬರ್ಕೊಳ್ಳಿ.”

“ಅಕ್ಕಾ…”

“ಏನೋ ಅಕ್ಕ? ನಾನು ಹೇಳಿದ್ನೇನೋ ನಿನಗೆ? ನನಗೆ ಉಳಿದಿದ್ದು ಆ ಎರಡು ಮಾತು. ಅದರಲ್ಲೇ ಒಬ್ಬಳನ್ನ ಸಾವಿಗೆ ನಡೆಸ್ದೆ. ಇವರು ನನ್ನ ದನಿ ಕದ್ದರು. ನೀನು ಅದನ್ನ ಕೊಲೆಗಾತಿ ಮಾಡ್ದೆ.”

ಹುಡುಗನ ಕೈಯಿಂದ ಕೋಲು ಜಾರಿತು. ಹೆಡ್ ಕಾನ್‌ಸ್ಟೇಬಲ್ ಅವನ ಭುಜದ ಮೇಲೆ ಕೈಯಿಟ್ಟ. ಅವನು ಎದ್ದ, ಹೊರಗೆ ನಡೆದ.

ಮ್ಯಾನೇಜರ್ ಆಕೆಯತ್ತ ತಿರುಗಿದ. ಎತ್ತಿನ ಹೆಗಲು ಇಳಿದಿತ್ತು. “ನಾನು… ನಿಮ್ಮನ್ನ ತಪ್ಪು ತಿಳ್ಕೊಂಡೆ. ಆದದ್ದಾಯ್ತು. ನೀವು ದೊಡ್ಡ ಮನಸ್ಸು ಮಾಡಿ ಎಲ್ಲ ಮರ್ತು…”

“ಯಾರು ಮರೆತಿದ್ದು?” ಆಕೆ ಅವನ ಹತ್ತಿರಕ್ಕೇ ಬಂದಳು. “ಅವನ ಮೇಲೆ ಸಾಕ್ಷಿ ಹೇಳ್ತೀನಿ ಅಂದ್ರೆ ನಿನ್ನನ್ನ ಬಿಟ್ಟೆ ಅಂತ ಅಲ್ಲ. ನನ್ನ ಸೇಡು ನನ್ನ ಹತ್ರಾನೇ ಇದೆ, ಹಾಗೇ ಇದೆ. ಅದನ್ನ ನಾನು ಯಾರಿಗೂ ಗುತ್ತಿಗೆ ಕೊಟ್ಟಿರ್ಲಿಲ್ಲ.”